ತಾಯಿಯ ಮದ್ದು, ಮಗುವಿನ ಅಳು

ಮಗು ಹುಟ್ಟಿದೊಡನೆ ಅಳಬೇಕು. ಹೆರಿಗೆ ಕೋಣೆಯ ಹೊರಗೆ ಕಾದು ನಿಂತ ತಂದೆಗೂ ಅಜ್ಜಿಗೂ ಆ ಅಳುವಿಗಿಂತ ಹಿತವಾದ ಸದ್ದು ಬೇರೊಂದಿಲ್ಲ. ಆದರೆ ಕೆಲವು ಮಕ್ಕಳ ಅಳು ಹಾಗಿರುವುದಿಲ್ಲ. ಹುಟ್ಟಿದ ಒಂದೆರಡು ದಿನ ಎಲ್ಲ ಮಕ್ಕಳಂತೆಯೇ ಇದ್ದ ಕೂಸು ಇದ್ದಕ್ಕಿದ್ದಂತೆ ಕೀರಲು ಧ್ವನಿಯಲ್ಲಿ ಚೀರತೊಡಗುತ್ತದೆ. ಕೈಕಾಲು ನಡುಗುತ್ತವೆ, ಮೈ ಬೆವರುತ್ತದೆ. ಮೇಲಿಂದ ಮೇಲೆ ಸೀನುತ್ತದೆ, ಆಕಳಿಸುತ್ತದೆ. ಹಸಿವಿನಿಂದ ತನ್ನ ಮುಷ್ಟಿಯನ್ನೇ ಚೀಪುತ್ತದೆ. ಆದರೆ ಹಾಲೂಡಲು ಹೋದರೆ ಸರಿಯಾಗಿ ಕುಡಿಯಲಾರದು. ಕುಡಿದದ್ದೂ ವಾಂತಿ ಭೇದಿಯಾಗಿ ಹೊರಹೋಗುತ್ತದೆ. ಕಣ್ಣು ಮುಚ್ಚಿ ಗಂಟೆ ಕಳೆಯುವ ಮೊದಲೇ ಮತ್ತೆ ಎಚ್ಚರ, ಮತ್ತೆ ಚೀರಾಟ.

ಈ ಮಗುವಿಗೆ ಸೋಂಕು ತಗುಲಿಲ್ಲ. ಅದರ ತಾಯಿ ಗರ್ಭಿಣಿಯಾಗಿದ್ದಾಗ ಅಫೀಮು ವರ್ಗದ ಯಾವುದೋ ಪದಾರ್ಥವನ್ನು ತೆಗೆದುಕೊಳ್ಳುತ್ತಿದ್ದಳು. ಅದು ಹೆರಾಯಿನ್ ಇರಬಹುದು, ನೋವಿನ ಮಾತ್ರೆ ಇರಬಹುದು. ಹೆರಾಯಿನ್‌ನಿಂದ ಬಿಡುಗಡೆ ಪಡೆಯಲು ವೈದ್ಯರೇ ಕೊಟ್ಟ ಮೆಥಡೋನ್ ಕೂಡ ಇರಬಹುದು. ಆ ಮದ್ದು ತಾಯಿಯ ರಕ್ತದಿಂದ ಮಾಸಿನ ಮೂಲಕ ಮಗುವನ್ನು ಸೇರುತ್ತಿತ್ತು. ತಿಂಗಳುಗಟ್ಟಲೆ ಅದಕ್ಕೆ ಒಗ್ಗಿಕೊಂಡ ಎಳೆಯ ದೇಹಕ್ಕೆ ಹೊಕ್ಕುಳ ಬಳ್ಳಿ ಕತ್ತರಿಸಿದ ಕ್ಷಣದಿಂದ ಪೂರೈಕೆ ನಿಂತಿತು. ಮದ್ದು ಅದುಮಿ ಹಿಡಿದಿದ್ದ ನರಗಳೆಲ್ಲ ಒಮ್ಮೆಲೇ ಕೆರಳಿದವು. ಮದ್ದು ನಿಂತಾಗಿನ ಈ ಸಂಕಟವನ್ನು ವೈದ್ಯಲೋಕ ಸುಮಾರು ಒಂದೂವರೆ ಶತಮಾನದಿಂದ ಬಲ್ಲದು. ಆದರೆ ಇದಕ್ಕೆ ಪರಿಹಾರವೇನೆಂದು ಕಲಿಯುವುದಕ್ಕೆ ಬಹಳ ಕಾಲ ಹಿಡಿಯಿತು. ಏಕೆಂದರೆ ಮಗುವಿನ ಮೇಲೆ ಕನಿಕರ ಪಟ್ಟವರೇ ಅದರ ತಾಯಿಯನ್ನು ಅಪರಾಧಿಯೆಂದು ನೋಡಿದರು. ಈ ಚರಿತ್ರೆಯಲ್ಲಿ ನಾವು ಮತ್ತೆ ಮತ್ತೆ ಕಾಣುವ ಪಾಠ ಒಂದೇ. ತಾಯಿಯನ್ನು ದೂರ ತಳ್ಳಿದಾಗಲೆಲ್ಲ ಮಗುವಿನ ಸಂಕಟ ಹೆಚ್ಚಿದೆ. ತಾಯಿಯನ್ನು ಹತ್ತಿರ ಕರೆದಾಗ ಅದು ಕಡಿಮೆಯಾಗಿದೆ.

ಮನೆಮದ್ದಾಗಿದ್ದ ಅಫೀಮು

ನಮ್ಮ ಮನೆಗಳಲ್ಲಿ ಪಾಯಸಕ್ಕೆ ಬಳಸುವ ಗಸಗಸೆ ನಿರುಪದ್ರವಿ ಕಾಳು. ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿದರೆ ಅಫೀಮು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕ ಸೆರ್ಟ್ಯೂರ್ನರ್ ಅದರಿಂದ ಮಾರ್ಫಿನನ್ನು ಬೇರ್ಪಡಿಸಿದರು. 1850ರ ದಶಕದಲ್ಲಿ ಚುಚ್ಚುಮದ್ದಿನ ಸಿರಿಂಜು ಬಳಕೆಗೆ ಬಂತು. ಮಾರ್ಫಿನ್ ನೇರವಾಗಿ ಮೈಯೊಳಗೆ ಇಳಿಯತೊಡಗಿತು. 1898ರಲ್ಲಿ ಜರ್ಮನಿಯ ಬಾಯರ್ ಕಂಪೆನಿ ಹೆರಾಯಿನ್ ಎಂಬ ಹೆಸರಿನಲ್ಲಿ ಕೆಮ್ಮಿನ ಔಷಧವನ್ನು ಮಾರುಕಟ್ಟೆಗೆ ತಂದಿತು. ಇಂದು ನಾವು ಹೆಸರು ಕೇಳಿದರೇ ಬೆಚ್ಚುವ ವಸ್ತು ಅಂದು ಔಷಧದ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿತ್ತು.

ಆ ಕಾಲದ ಅಮೆರಿಕದಲ್ಲಿ ಅಫೀಮು, ಮಾರ್ಫಿನ್‌ಗಳಿಗೆ ದಾಸರಾದವರಲ್ಲಿ ಹೆಚ್ಚಿನವರು ಮಹಿಳೆಯರಾಗಿದ್ದರು ಎಂದರೆ ನಮಗೆ ಅಚ್ಚರಿಯಾಗಬಹುದು. ಅವರಲ್ಲಿ ಬಹುಪಾಲು ಮಧ್ಯಮ ವರ್ಗದ ಗೃಹಿಣಿಯರು. ಮುಟ್ಟಿನ ನೋವಿಗೆ, ನಿದ್ರಾಹೀನತೆಗೆ, ಮನಸ್ಸಿನ ಬೇಗುದಿಗೆ ವೈದ್ಯರೇ ಬರೆದುಕೊಟ್ಟ ಮದ್ದು ಅವರನ್ನು ಹಿಡಿದಿಟ್ಟಿತ್ತು. ಮಕ್ಕಳಿಗೂ ಅದು ಹೊಸದಾಗಿರಲಿಲ್ಲ. ಅಳುವ ಕೂಸನ್ನು ಮಲಗಿಸಲು 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್' ಎಂಬ ಮಾರ್ಫಿನ್ ಬೆರೆತ ದ್ರಾವಣ 1849ರಿಂದ ಅಲ್ಲಿನ ಮನೆಮನೆಗಳಲ್ಲಿ ಬಳಕೆಯಾಯಿತು. 1911ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಅದನ್ನು ಶಿಶುಹಂತಕಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಕತೆಯೂ ಬೇರೆಯಾಗಿರಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯಲು ಹೋಗುತ್ತಿದ್ದ ತಾಯಂದಿರು ತಾವು ಮರಳುವವರೆಗೆ ಮಗು ಮಲಗಿರಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದರು. ಅದಕ್ಕೆ 'ಬಾಲಾಗೋಲಿ' ಎಂಬ ಮುದ್ದಿನ ಹೆಸರಿತ್ತು. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ಮಗುವನ್ನು ನೋಡಿಕೊಳ್ಳುವವರಿಲ್ಲದ ಮನೆಯೂ ರಜೆ ಕೊಡದ ಗಿರಣಿಯೂ ಸೇರಿ ಅವರ ಕೈಯಲ್ಲಿ ಆ ಗುಳಿಗೆಯನ್ನಿಟ್ಟಿದ್ದವು.

ಗರ್ಭದಲ್ಲಿಯೇ ಮಾರ್ಫಿನ್‌ಗೆ ಒಗ್ಗಿ ಹುಟ್ಟಿದ ಮಕ್ಕಳ ಬಗ್ಗೆ ವೈದ್ಯಕೀಯ ವರದಿಗಳು 1875ರ ಹೊತ್ತಿಗೆ ಬರತೊಡಗಿದವು. 'ಹುಟ್ಟು ಮಾರ್ಫಿನ್ ರೋಗ' ಎಂಬರ್ಥದ ಹೆಸರನ್ನು ಅದಕ್ಕೆ ಕೊಡಲಾಯಿತು. ಆರಂಭದಲ್ಲಿ ಇಂತಹ ಅನೇಕ ಮಕ್ಕಳು ಸಾಯುತ್ತಿದ್ದವು. ಅವಕ್ಕೆ ಬಹಳ ಸಣ್ಣ ಪ್ರಮಾಣದಲ್ಲಿ ಅಫೀಮಿನ ಮದ್ದನ್ನೇ ಕೊಟ್ಟು, ದಿನದಿಂದ ದಿನಕ್ಕೆ ತಗ್ಗಿಸುತ್ತಾ ಹೋದರೆ ಬದುಕಿ ಉಳಿಯುತ್ತವೆ ಎಂಬುದನ್ನು ಇಪ್ಪತ್ತನೇ ಶತಮಾನದ ಆರಂಭದ ವೈದ್ಯರು ಕಂಡುಕೊಂಡರು. ಆ ಚಿಕಿತ್ಸೆಯ ತಿರುಳು ಇಂದಿಗೂ ಅದೇ.

ರೋಗಿ ಅಪರಾಧಿಯಾದ ಕಾಲ

ಇಷ್ಟು ತಿಳಿದ ಮೇಲೆ ತಾಯಂದಿರ ಚಿಕಿತ್ಸೆಯೂ ಸುಧಾರಿಸಬೇಕಾಗಿತ್ತು. ಆದದ್ದು ಬೇರೆಯೇ. 1914ರಲ್ಲಿ ಅಮೆರಿಕದಲ್ಲಿ ಹ್ಯಾರಿಸನ್ ಕಾಯ್ದೆ ಬಂತು. 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ವ್ಯಸನಿಯ ಅಭ್ಯಾಸವನ್ನು ಮುಂದುವರಿಸಲಿಕ್ಕಾಗಿ ಮಾರ್ಫಿನ್ ಬರೆದುಕೊಡುವುದು ವೈದ್ಯವೃತ್ತಿಯೇ ಅಲ್ಲ ಎಂದು ತೀರ್ಪಿತ್ತಿತು. ವೈದ್ಯರು ಜೈಲಿಗೆ ಅಂಜಿ ಕೈಬಿಟ್ಟರು. ಹಲವು ನಗರಗಳಲ್ಲಿ ವ್ಯಸನಿಗಳಿಗೆ ಮಿತ ಪ್ರಮಾಣದ ಮದ್ದು ಕೊಡುತ್ತಿದ್ದ ಚಿಕಿತ್ಸಾಲಯಗಳು 1920ರ ದಶಕದ ಮಧ್ಯದೊಳಗೆ ಬಾಗಿಲು ಮುಚ್ಚಿದವು. ಅಷ್ಟರಲ್ಲಿ ವ್ಯಸನಿಯ ಮುಖವೂ ಬದಲಾಗಿತ್ತು. ಗೌರವಸ್ಥ ಮನೆಯ ಗೃಹಿಣಿಯ ಜಾಗದಲ್ಲಿ ನಗರದ ಬಡ ಕೇರಿಯ ಯುವಕ ಬಂದಿದ್ದ. ಉಳ್ಳವರ ದೌರ್ಬಲ್ಯಕ್ಕೆ ರೋಗವೆಂದೂ ಇಲ್ಲದವರ ದೌರ್ಬಲ್ಯಕ್ಕೆ ಅಪರಾಧವೆಂದೂ ಹೆಸರಿಡುವುದು ಎಲ್ಲ ಸಮಾಜಗಳಲ್ಲೂ ಕಾಣುವ ಚಾಳಿ.

ಮುಂದಿನ ನಾಲ್ಕು ದಶಕ ಹೆರಾಯಿನ್ ಬಳಸುವ ಗರ್ಭಿಣಿಯ ಮುಂದೆ ಎರಡೇ ದಾರಿಗಳಿದ್ದವು. ಒಂದೋ ಕದ್ದುಮುಚ್ಚಿ ಬಳಕೆ ಮುಂದುವರಿಸಬೇಕು, ಇಲ್ಲವೇ ಒಮ್ಮೆಲೇ ಬಿಡಬೇಕು. ಎರಡೂ ಮಗುವಿಗೆ ಅಪಾಯ. ಹೆರಾಯಿನ್‌ನ ಪರಿಣಾಮ ಕೆಲವೇ ಗಂಟೆಗಳದ್ದು. ದಿನಕ್ಕೆ ಹಲವು ಬಾರಿ ಅಮಲು ಏರುವುದು, ಹಲವು ಬಾರಿ ಇಳಿಯುವುದು. ತಾಯಿಯೊಂದಿಗೆ ಗರ್ಭದ ಮಗುವೂ ಆ ಏರಿಳಿತದಲ್ಲಿ ಸಿಲುಕುತ್ತಿತ್ತು. ಒಮ್ಮೆಲೇ ಬಿಟ್ಟರೆ ಗರ್ಭಪಾತದ, ಅಕಾಲ ಹೆರಿಗೆಯ ಭಯ. ಇನ್ನು ತಪಾಸಣೆಗೆ ಆಸ್ಪತ್ರೆಗೆ ಹೋದರೆ ಗುಟ್ಟು ರಟ್ಟಾಗುವ ಅಂಜಿಕೆ. ಹೀಗಾಗಿ ಎಷ್ಟೋ ಮಂದಿ ಹೆರಿಗೆ ನೋವು ಬಂದ ಮೇಲೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರು.

ಮದ್ದಿಗೆ ಬದಲು ಮದ್ದು

ಮೆಥಡೋನ್ ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಜರ್ಮನಿಯ ಪ್ರಯೋಗಶಾಲೆಯಲ್ಲಿ, ನೋವು ನಿವಾರಕವಾಗಿ. ಯುದ್ಧಾನಂತರ ಅದು ಅಮೆರಿಕವನ್ನು ತಲುಪಿತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವೈದ್ಯ ವಿನ್ಸೆಂಟ್ ಡೋಲ್ ಹಾಗೂ ಮನೋವೈದ್ಯೆ ಮೇರಿ ನಿಸ್ವಾಂಡರ್ ಅದಕ್ಕೆ ಹೊಸ ಉಪಯೋಗ ಕಂಡುಕೊಂಡರು. ನಿಸ್ವಾಂಡರ್ ಹಿಂದೆ ಲೆಕ್ಸಿಂಗ್ಟನ್‌ನ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವರು. ಜೈಲಿನಂತಿದ್ದ ಆ ಆಸ್ಪತ್ರೆಯ ಅನುಭವ ಅವರ ಕಣ್ಣು ತೆರೆಸಿತ್ತು. ವ್ಯಸನಿಯನ್ನು ರೋಗಿಯಾಗಿ ಕಾಣಬೇಕೆಂದು 1956ರಲ್ಲೇ ಅವರು ಪುಸ್ತಕ ಬರೆದಿದ್ದರು.

1965ರಲ್ಲಿ ಡೋಲ್ ಮತ್ತು ನಿಸ್ವಾಂಡರ್ 22 ಮಂದಿ ರೋಗಿಗಳ ಅನುಭವವನ್ನು ಪ್ರಕಟಿಸಿದರು. ಮೆಥಡೋನನ್ನು ದಿನಕ್ಕೊಮ್ಮೆ ಬಾಯಿಯ ಮೂಲಕ ಕೊಟ್ಟರೆ ಸಾಕು. ಸರಿಯಾದ ಪ್ರಮಾಣದಲ್ಲಿದ್ದರೆ ಅಮಲೇರುವುದಿಲ್ಲ. ಹೆರಾಯಿನ್‌ಗಾಗಿ ಹಪಹಪಿಸುವುದೂ ನಿಲ್ಲುತ್ತದೆ. ಸೂಜಿಯ ಹಂಗಿಲ್ಲ, ಕಳ್ಳಸಂತೆಯ ಹಂಗಿಲ್ಲ. ರೋಗಿಗಳು ಶಾಲೆಗೆ, ಕೆಲಸಕ್ಕೆ ಮರಳಿದರು. 'ಒಂದು ಚಟ ಬಿಡಿಸಲು ಇನ್ನೊಂದು ಚಟವೇ?' ಎಂಬ ಪ್ರಶ್ನೆ ಅಂದೇ ಎದ್ದಿತು, ಇಂದೂ ಏಳುತ್ತದೆ. ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನಾವು ಚಟವೆನ್ನುವುದಿಲ್ಲ. ಮದ್ದಿಗೆ ದೇಹ ಒಗ್ಗಿಕೊಳ್ಳುವುದು ಬೇರೆ. ಕೇಡಾಗುತ್ತಿದೆಯೆಂದು ತಿಳಿದೂ ಬಿಡಲಾಗದೆ ಅದರ ಹಿಂದೆಯೇ ಓಡುವುದು ಬೇರೆ. ಎರಡನೆಯದು ವ್ಯಸನ. ಮೊದಲನೆಯದು ವ್ಯಸನವಲ್ಲ. ಹಸುಗೂಸು ಯಾವುದರ ಹಿಂದೆಯೂ ಓಡಲಾರದು. ಆದುದರಿಂದ 'ವ್ಯಸನಿ ಮಗು' ಎಂಬ ಮಾತೇ ತಪ್ಪು. ಪತ್ರಿಕೆಗಳು ಈ ಮಾತನ್ನು ಬಿಡಬೇಕೆಂದು 2013ರಲ್ಲಿ ಹಲವಾರು ತಜ್ಞರು ಬಹಿರಂಗ ಪತ್ರ ಬರೆದು ಕೇಳಿಕೊಂಡಿದ್ದರು.

ಗರ್ಭಿಣಿಯರಿಗೆ ಮೆಥಡೋನ್ ಕೊಡಬಹುದೇ? 1970ರ ದಶಕದಲ್ಲಿ ಇದು ದೊಡ್ಡ ಪ್ರಶ್ನೆಯಾಗಿತ್ತು. 1975ರಲ್ಲಿ ಜುಸ್ಪಾನ್ ಎಂಬ ವೈದ್ಯರ ತಂಡ ಮೆಥಡೋನ್ ಪಡೆಯುತ್ತಿದ್ದ ಗರ್ಭಿಣಿಯ ಗರ್ಭದ ನೀರನ್ನು ಪರೀಕ್ಷಿಸಿತು. ಪ್ರಮಾಣ ತಗ್ಗಿಸಿದಾಗ ಆ ನೀರಿನಲ್ಲಿ ಅಡ್ರಿನಲಿನ್ ಬಗೆಯ ಅಂಶಗಳು ಏರಿದವು. ಅಂದರೆ ಗರ್ಭದೊಳಗೇ ಮಗು ಸಂಕಟ ಪಡುತ್ತಿತ್ತು. ಪ್ರಮಾಣ ಏರಿಸಿದಾಗ ಅದು ಶಮನವಾಯಿತು. ಹುಟ್ಟಿದ ಮೇಲಿನ ಸಂಕಟವನ್ನು ನಾವು ಕಣ್ಣಾರೆ ಕಾಣಬಹುದು, ಚಿಕಿತ್ಸೆ ನೀಡಬಹುದು. ಗರ್ಭದೊಳಗಿನ ಸಂಕಟ ಯಾರಿಗೂ ಕಾಣದು. ಗರ್ಭಿಣಿಗೆ ಮದ್ದು ನಿಲ್ಲಿಸುವುದಕ್ಕಿಂತ ಮುಂದುವರಿಸುವುದೇ ಲೇಸು ಎಂಬ ನಿಲುವು ಗಟ್ಟಿಯಾದದ್ದು ಹೀಗೆ.

ಫಿಲಡೆಲ್ಫಿಯಾದ ಅಂಕಪಟ್ಟಿ

ಅದೇ ಕಾಲದಲ್ಲಿ ಫಿಲಡೆಲ್ಫಿಯಾ ಜನರಲ್ ಆಸ್ಪತ್ರೆಯಲ್ಲಿ ಲೊರೆಟ್ಟಾ ಫಿನ್ನೆಗನ್ ಎಂಬ ವೈದ್ಯೆ ಇಂತಹ ಮಕ್ಕಳ ಆರೈಕೆ ಮಾಡುತ್ತಿದ್ದರು. ನಗರದ ಬಡವರ ಆಸ್ಪತ್ರೆಯದು. ಯಾವ ಮಗುವಿಗೆ ಮದ್ದು ಬೇಕು, ಎಷ್ಟು ಬೇಕು, ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಆಗ ಒಂದು ಅಳತೆಯೇ ಇರಲಿಲ್ಲ. ಒಬ್ಬ ವೈದ್ಯರಿಗೆ ಸಹಜವೆನಿಸಿದ ನಡುಕ ಇನ್ನೊಬ್ಬರಿಗೆ ಅಪಾಯವೆನಿಸುತ್ತಿತ್ತು. ಫಿನ್ನೆಗನ್ ಮತ್ತವರ ಸಂಗಡಿಗರು ಮಗುವಿನ ಒಂದೊಂದು ಲಕ್ಷಣಕ್ಕೂ ಅಂಕ ನಿಗದಿ ಮಾಡಿದರು. ಅಳು, ನಿದ್ದೆ, ನಡುಕ, ಜ್ವರ, ಸೀನು, ಆಕಳಿಕೆ, ಭೇದಿ ಹೀಗೆ 21 ಲಕ್ಷಣಗಳು. ಕೆಲವು ಗಂಟೆಗಳಿಗೊಮ್ಮೆ ಲೆಕ್ಕ ಹಾಕಿ, ಮೂರು ಬಾರಿ ಸತತವಾಗಿ ಅಂಕ 8 ಅಥವಾ ಅದಕ್ಕಿಂತ ಮೇಲಿದ್ದರೆ ಮದ್ದು ಆರಂಭಿಸುವುದು ರೂಢಿಗೆ ಬಂತು. 1975ರಲ್ಲಿ ಪ್ರಕಟವಾದ ಈ ಪಟ್ಟಿ ಅವರ ಹೆಸರಿನಿಂದಲೇ ಜಗತ್ತಿನಾದ್ಯಂತ ಹರಡಿತು.

ಫಿನ್ನೆಗನ್ ಪಟ್ಟಿ ತಯಾರಿಸಿ ಸುಮ್ಮನಾಗಲಿಲ್ಲ ಎಂಬುದನ್ನು ನಾವು ಮರೆಯಬಾರದು. ಅವರು ಕಟ್ಟಿದ 'ಫ್ಯಾಮಿಲಿ ಸೆಂಟರ್' ತಾಯಂದಿರಿಗೆ ಮೆಥಡೋನ್ ಜೊತೆಗೆ ಗರ್ಭಿಣಿಯ ತಪಾಸಣೆಯನ್ನೂ ಆಪ್ತಸಲಹೆಯನ್ನೂ ಒದಗಿಸುತ್ತಿತ್ತು. ಮಗುವಿನ ಚಿಕಿತ್ಸೆ ಹೆರಿಗೆಗೆ ತಿಂಗಳುಗಳ ಮೊದಲೇ ತಾಯಿಯಿಂದ ಆರಂಭವಾಗಬೇಕು ಎಂಬುದು ಅದರ ಅರ್ಥ. ಜಗತ್ತು ಅಂಕಪಟ್ಟಿಯನ್ನು ಬೇಗನೆ ಕಲಿತಿತು. ಈ ಎರಡನೆಯ ಪಾಠವನ್ನು ಕಲಿಯಲು ತಡಮಾಡಿತು.

ಆನಂತರ ಬ್ಯುಪ್ರೆನಾರ್ಫಿನ್ ಎಂಬ ಇನ್ನೊಂದು ಮದ್ದು ಬಂತು. ನಾಲಿಗೆಯಡಿ ಇಟ್ಟುಕೊಳ್ಳುವ ಈ ಮಾತ್ರೆಗೆ 1990ರ ದಶಕದ ಮಧ್ಯದಲ್ಲಿ ಫ್ರಾನ್ಸ್, 2002ರಲ್ಲಿ ಅಮೆರಿಕ ಅನುಮತಿ ನೀಡಿದವು. ಎರಡರಲ್ಲಿ ಮಗುವಿಗೆ ಯಾವುದು ಹಿತ? ಹೆಂಡ್ರೀ ಜೋನ್ಸ್ ನೇತೃತ್ವದ ಅಂತರರಾಷ್ಟ್ರೀಯ ಅಧ್ಯಯನವೊಂದು 2010ರಲ್ಲಿ ಉತ್ತರ ನೀಡಿತು. ಅದರಲ್ಲಿ 131 ತಾಯಂದಿರು ಹೆರಿಗೆಯವರೆಗೂ ಉಳಿದರು. ಬ್ಯುಪ್ರೆನಾರ್ಫಿನ್ ಪಡೆದವರ ಮಕ್ಕಳಿಗೆ ಬೇಕಾದ ಮಾರ್ಫಿನ್ ಸರಾಸರಿ 1.1 ಮಿಲಿಗ್ರಾಂ, ಮೆಥಡೋನ್ ಪಡೆದವರ ಮಕ್ಕಳಿಗೆ 10.4 ಮಿಲಿಗ್ರಾಂ. ಆಸ್ಪತ್ರೆಯ ವಾಸ 10 ದಿನ ಮತ್ತು 17.5 ದಿನ. ಆದರೆ ಬ್ಯುಪ್ರೆನಾರ್ಫಿನ್ ಗುಂಪಿನಲ್ಲಿ ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರು ಶೇ. 33, ಮೆಥಡೋನ್ ಗುಂಪಿನಲ್ಲಿ ಶೇ. 18. ಹಾಗಾಗಿ ಎಲ್ಲರಿಗೂ ಒಂದೇ ಮದ್ದು ಎನ್ನುವಂತಿಲ್ಲ. ತಾಯಿ ಯಾವ ಮದ್ದಿನಲ್ಲಿ ಸ್ಥಿರವಾಗಿ ಉಳಿಯುತ್ತಾಳೋ ಅದೇ ಅವಳ ಮಗುವಿಗೂ ಒಳಿತು.

ಬಾಣಂತಿ ಕಟಕಟೆಯಲ್ಲಿ

ವೈದ್ಯಶಾಸ್ತ್ರ ಹೀಗೆ ಮುಂದೆ ಹೆಜ್ಜೆಯಿಡುತ್ತಿದ್ದಾಗ ಕಾನೂನು ಹಿಂದಕ್ಕೆ ಹೋಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಕೊಕೇನ್ ಹಾವಳಿ ಎದ್ದಿತು. ಕೊಕೇನ್ ಅಫೀಮು ವರ್ಗದ್ದಲ್ಲ. ಆದರೆ ಅದನ್ನು ಬಳಸಿದ ಗರ್ಭಿಣಿಯರ ಮಕ್ಕಳು ಬುದ್ಧಿಹೀನರಾಗುತ್ತಾರೆ, ಸಮಾಜಕ್ಕೆ ಹೊರೆಯಾಗುತ್ತಾರೆ ಎಂಬ ಭೀತಿಯನ್ನು ಮಾಧ್ಯಮಗಳು ಹಬ್ಬಿಸಿದವು. ಫಿಲಡೆಲ್ಫಿಯಾದ ಹಾಲಂ ಹರ್ಟ್ ಎಂಬ ವೈದ್ಯೆ ಇನ್ನೂರಕ್ಕೂ ಮಿಕ್ಕಿ ಮಕ್ಕಳನ್ನು ಎರಡು ದಶಕ ಹಿಂಬಾಲಿಸಿ ನೋಡಿದರು. ಕೊಕೇನ್ ತಗುಲಿದ ಮಕ್ಕಳಿಗೂ ಅದೇ ಕೇರಿಯ ಇತರ ಬಡ ಮಕ್ಕಳಿಗೂ ಬುದ್ಧಿಮತ್ತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳನ್ನು ಹಿಂದಕ್ಕೆ ತಳ್ಳಿದ್ದು ಬಡತನ. ಆದರೆ ಅಷ್ಟು ಹೊತ್ತಿಗೆ ಆಗಬೇಕಾದ ಅನ್ಯಾಯ ಆಗಿಹೋಗಿತ್ತು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ಗರ್ಭಿಣಿಯರ ಮೂತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪರೀಕ್ಷಿಸಿ ಪೊಲೀಸರಿಗೆ ವರದಿ ಕೊಡಲಾಗುತ್ತಿತ್ತು. ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪಿತ್ತಿತು.

ಇದಾದ ಮೇಲೆ ನೋವಿನ ಮಾತ್ರೆಗಳ ಹಾವಳಿ ಬಂತು. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಸಾವಿರ ಹೆರಿಗೆಗೆ 1.2 ಮಕ್ಕಳಲ್ಲಿ ಕಂಡ ಈ ಸಂಕಟ 2009ರಲ್ಲಿ 3.39 ಮಕ್ಕಳಲ್ಲಿ ಕಂಡಿತು. ಟೆನೆಸ್ಸೀ ರಾಜ್ಯ 2014ರಲ್ಲಿ ಒಂದು ಕಾನೂನು ತಂದಿತು. ಗರ್ಭಿಣಿಯಾಗಿದ್ದಾಗ ಮಾದಕ ಪದಾರ್ಥ ಬಳಸಿ, ಅದರಿಂದ ಮಗುವಿಗೆ ಹಾನಿಯಾದರೆ ತಾಯಿಯ ಮೇಲೆ ಹಲ್ಲೆಯ ಮೊಕದ್ದಮೆ ಹೂಡಬಹುದಿತ್ತು. ಪರಿಣಾಮವೇನು? ಮಹಿಳೆಯರು ಅಮಲನ್ನು ಬಿಡುವ ಬದಲು ಆಸ್ಪತ್ರೆಯನ್ನು ಬಿಟ್ಟರು. ಆ ಅವಧಿಯಲ್ಲಿ ಗರ್ಭಸ್ಥ ಶಿಶುಗಳ ಮತ್ತು ಹಸುಗೂಸುಗಳ ಸಾವು ಹೆಚ್ಚಿತೆಂದು ಅನಂತರದ ಅಧ್ಯಯನ ತೋರಿಸಿತು. 2016ರಲ್ಲಿ ಆ ಕಾನೂನು ನವೀಕರಣವಾಗದೆ ಕೊನೆಗೊಂಡಿತು. ಮಗುವನ್ನು ರಕ್ಷಿಸುವ ಹೆಸರಿನಲ್ಲಿ ತಂದ ಕಾನೂನು ಮಗುವನ್ನೇ ಬಲಿ ಪಡೆದಿತ್ತು.

ಮತ್ತೆ ತಾಯಿಯ ಮಡಿಲಿಗೆ

ದಶಕಗಳ ಕಾಲ ಇಂತಹ ಮಗುವನ್ನು ಹುಟ್ಟಿದೊಡನೆ ತೀವ್ರ ನಿಗಾ ಘಟಕಕ್ಕೆ ಒಯ್ಯುತ್ತಿದ್ದರು. ಪ್ರಖರ ಬೆಳಕು, ಯಂತ್ರಗಳ ಸದ್ದು, ಗಂಟೆಗೊಬ್ಬರು ಬಂದು ಮುಟ್ಟಿ ಎಬ್ಬಿಸುವುದು. ಕೆರಳಿದ ನರಗಳ ಕೂಸಿಗೆ ಇದಕ್ಕಿಂತ ಕೆಟ್ಟ ಜಾಗ ಬೇರೆ ಬೇಕೆ? ಅಮೆರಿಕದ ಯೇಲ್ ನ್ಯೂ ಹೇವನ್ ಮಕ್ಕಳ ಆಸ್ಪತ್ರೆಯಲ್ಲಿ ಮ್ಯಾಥ್ಯೂ ಗ್ರಾಸ್‌ಮನ್ ಮತ್ತವರ ತಂಡ ಈ ಕ್ರಮವನ್ನು ತಿರುಗಿಸಿದರು. ಮಗುವನ್ನು ತಾಯಿಯ ಜೊತೆಯಲ್ಲೇ ನಸುಬೆಳಕಿನ ಕೋಣೆಯಲ್ಲಿರಿಸಿದರು. ಉದ್ದನೆಯ ಅಂಕಪಟ್ಟಿಯ ಬದಲು ಮೂರೇ ಪ್ರಶ್ನೆ ಕೇಳಿದರು. ಮಗು ಹಾಲು ಕುಡಿಯುತ್ತಿದೆಯೇ? ಒಂದು ಗಂಟೆಯಾದರೂ ನಿದ್ದೆ ಮಾಡುತ್ತಿದೆಯೇ? ಅತ್ತಾಗ ಹತ್ತು ನಿಮಿಷದೊಳಗೆ ಸಮಾಧಾನಗೊಳ್ಳುತ್ತಿದೆಯೇ? ಹಾಗಿದ್ದರೆ ಮಾರ್ಫಿನ್ ಹನಿ ಬೇಕಿಲ್ಲ. ಎತ್ತಿಕೊಳ್ಳುವುದು, ಎದೆಗವಚಿಕೊಳ್ಳುವುದು, ಬಟ್ಟೆಯಲ್ಲಿ ಬೆಚ್ಚಗೆ ಸುತ್ತುವುದು, ಮೊಲೆಯೂಡುವುದು, ಇವೇ ಮೊದಲ ಚಿಕಿತ್ಸೆ. ಸಾಲದಿದ್ದರೆ ಮಾತ್ರ ಮದ್ದು.

ಅವರು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆಸ್ಪತ್ರೆಯ ವಾಸ ಸರಾಸರಿ 22.4 ದಿನಗಳಿಂದ 5.9 ದಿನಗಳಿಗೆ ಇಳಿಯಿತು. ಮಾರ್ಫಿನ್ ಬೇಕಾದ ಮಕ್ಕಳು ಶೇ. 98ರಿಂದ ಶೇ. 14ಕ್ಕೆ ಇಳಿದರು. ಒಂದೇ ಆಸ್ಪತ್ರೆಯ ಮಾತೆಂದು ಸಂಶಯಪಟ್ಟವರಿಗೆ 2023ರಲ್ಲಿ ಅಮೆರಿಕದ 26 ಆಸ್ಪತ್ರೆಗಳ 1,305 ಮಕ್ಕಳ ಅಧ್ಯಯನ ಉತ್ತರ ಕೊಟ್ಟಿತು. ಹಳೆಯ ಕ್ರಮದಲ್ಲಿ ಮಗು ಮನೆಗೆ ಹೋಗಲು ಸಿದ್ಧವಾಗಲು 14.9 ದಿನ ಬೇಕಾದರೆ ಹೊಸ ಕ್ರಮದಲ್ಲಿ 8.2 ದಿನ. ಮದ್ದು ಬೇಕಾದವರು ಶೇ. 52ರ ಬದಲು ಶೇ. 19.5. ನಮ್ಮ ಅಜ್ಜಿಯಂದಿರು ಬಾಣಂತನದ ಕೋಣೆಯನ್ನು ಕತ್ತಲಾಗಿಸಿ, ಬೆಚ್ಚಗಿರಿಸಿ, ತಾಯಿ ಮಗುವನ್ನು ಒಂದೇ ಹಾಸಿಗೆಯಲ್ಲಿರಿಸುತ್ತಿದ್ದರು. ಅದರಲ್ಲಿನ ಎಲ್ಲ ಪದ್ಧತಿಯೂ ಸರಿಯೆಂದಲ್ಲ. ಆದರೆ ತಾಯಿ ಮಗುವನ್ನು ಅಗಲಿಸಬಾರದೆಂಬ ವಿವೇಕ ಅದರಲ್ಲಿತ್ತು.

ಎದೆಹಾಲಿನ ಕತೆಯೂ ಹೀಗೆಯೇ. ದಿನಕ್ಕೆ 20 ಮಿಲಿಗ್ರಾಂಗಿಂತ ಹೆಚ್ಚು ಮೆಥಡೋನ್ ಪಡೆಯುವ ತಾಯಿ ಹಾಲೂಡಬಾರದು ಎಂಬ ನಿಬಂಧನೆ ಅಮೆರಿಕದ ಶಿಶುವೈದ್ಯರ ಸಂಘಟನೆಯ ಸಲಹೆಯಲ್ಲಿತ್ತು. ಹಾಲಿಗೆ ಸೇರುವ ಮದ್ದು ತೀರಾ ಅಲ್ಪವೆಂದು ತಿಳಿದ ಮೇಲೆ 2001ರಲ್ಲಿ ಅದನ್ನು ಕೈಬಿಡಲಾಯಿತು. ತಾಯಿ ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದು, ಬೇರೆ ಮಾದಕ ದ್ರವ್ಯ ಬಳಸದಿದ್ದರೆ, ಬೇರೆ ವೈದ್ಯಕೀಯ ಅಡ್ಡಿಯಿಲ್ಲದಿದ್ದರೆ ಎದೆಹಾಲು ಮಗುವಿನ ಸಂಕಟವನ್ನು ತಗ್ಗಿಸುತ್ತದೆ.

ನಾವು ಕಲಿಯಬೇಕಾದದ್ದು

ಇದೆಲ್ಲ ದೂರದ ಅಮೆರಿಕದ ಮಾತೆಂದು ನಾವು ತಳ್ಳಿಹಾಕುವಂತಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದಲ್ಲಿ ಅಫೀಮು ವರ್ಗದ ಪದಾರ್ಥ ಬಳಸುವವರು ಸುಮಾರು 2.26 ಕೋಟಿ. ಮಣಿಪುರದಂತಹ ರಾಜ್ಯಗಳಲ್ಲಿ ಸೂಜಿಯಿಂದ ಎಚ್‌ಐವಿ ಹರಡುವುದನ್ನು ತಡೆಯಲು ಬದಲಿ ಮದ್ದಿನ ಚಿಕಿತ್ಸೆಯನ್ನು ಸರಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಪಂಜಾಬ್ ಸರಕಾರ 2017ರಲ್ಲಿ ಬ್ಯುಪ್ರೆನಾರ್ಫಿನ್ ಕೊಡುವ ಹೊರರೋಗಿ ಕೇಂದ್ರಗಳನ್ನು ತೆರೆಯಿತು. ನೋವಿನ ಮಾತ್ರೆ ಟ್ರಮಡಾಲ್‌ನ ದುರ್ಬಳಕೆ ಹೆಚ್ಚಿದಾಗ 2018ರಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತರಲಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಆದರೆ ಗಂಡಸಿನ ಚಟವನ್ನು ಹೇಗೋ ಸಹಿಸುವ ಮನೆ ಹೆಂಗಸಿನ ಚಟವನ್ನು ಸಹಿಸದು. ಆಕೆ ಬಾಯಿ ಬಿಡುವುದೇ ಇಲ್ಲ. ಕೇಳಿದರೆ ಸಂಸಾರವೇ ಮುರಿದೀತೆಂಬ ಭಯ.

ಆದ್ದರಿಂದ ಕೆಲವು ಮಾತುಗಳನ್ನು ನಾವು ಸ್ಪಷ್ಟವಾಗಿ ತಿಳಿದಿರಬೇಕು. ಇಂತಹ ಮದ್ದಿಗೆ ಒಗ್ಗಿದ ಗರ್ಭಿಣಿ ಮಗುವಿನ ಮೇಲಿನ ಪ್ರೀತಿಯಿಂದಲೇ ಆದರೂ ಅದನ್ನು ತಾನಾಗಿ ಒಮ್ಮೆಲೇ ನಿಲ್ಲಿಸಬಾರದು. ವೈದ್ಯರಿಗೆ ನಿಜ ಹೇಳಬೇಕು. ಮಗುವಿಗೆ ಸಂಕಟ ಕಡಿಮೆಯಾಗಲೆಂದು ಚಿಕಿತ್ಸೆಯ ಪ್ರಮಾಣವನ್ನು ಗುಟ್ಟಾಗಿ ಇಳಿಸುವುದೂ ತಪ್ಪು. ಮೆಥಡೋನ್ ಪ್ರಮಾಣಕ್ಕೂ ಮಗುವಿನ ಸಂಕಟದ ತೀವ್ರತೆಗೂ ನೇರ ಸಂಬಂಧ ಕಾಣುವುದಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು 2010ರಲ್ಲಿ ತಿಳಿಸಿದ್ದಾರೆ. ಹುಟ್ಟಿದ ಮಗುವನ್ನು ನಾಲ್ಕರಿಂದ ಏಳು ದಿನ ಆಸ್ಪತ್ರೆಯಲ್ಲಿ ಗಮನಿಸಬೇಕು. ಈ ಸಂಕಟ ತಾತ್ಕಾಲಿಕ ಮತ್ತು ಇದಕ್ಕೆ ಚಿಕಿತ್ಸೆಯಿದೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ನೀಡಿದ ಮಾರ್ಗಸೂಚಿಯೂ ಗರ್ಭಿಣಿಗೆ ಬದಲಿ ಮದ್ದಿನ ಚಿಕಿತ್ಸೆ ಮುಂದುವರಿಸಲು, ಎದೆಹಾಲಿಗೆ ಪ್ರೋತ್ಸಾಹ ನೀಡಲು ಹೇಳುತ್ತದೆ.

ಇನ್ನು ಉಳಿದದ್ದು ನಮ್ಮ ಕೆಲಸ. ನೆರೆಮನೆಯ ಹೆಣ್ಣುಮಗಳೊಬ್ಬಳು ಇಂತಹ ಸುಳಿಯಲ್ಲಿದ್ದಾಳೆಂದು ತಿಳಿದರೆ ನಾವು ಏನು ಮಾಡುತ್ತೇವೆ? ಊರೆಲ್ಲ ಹೇಳಿಕೊಂಡು ಬರುತ್ತೇವೆಯೇ, ಅವಳ ಜೊತೆ ಆಸ್ಪತ್ರೆಯವರೆಗೆ ಹೋಗುತ್ತೇವೆಯೇ? ತೊಟ್ಟಿಲು ತೂಗಬೇಕಾದ ಕೈಗೆ ಕೋಳ ತೊಡಿಸಿ ಯಾವ ಮಗುವೂ ಉಳಿದಿಲ್ಲ. ನಡುಗುವ ಕೂಸನ್ನು ಸಂತೈಸಲು ಅದರ ತಾಯಿಗಿಂತ ಮಿಗಿಲಾದ ಮದ್ದಿಲ್ಲ. ಆ ತಾಯಿಯ ಕೈ ನಡುಗದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.